ಕ್ಯಾಪ್ಟನ್ ಮಾ ಬದುಕಿದ್ದಾನೋ ಇಲ್ಲವೋ

ಮಾರ್ಚ್ ೩, ಸೋಮವಾರ

ಬೆಳಿಗ್ಗೆಯಿಂದ ಬರೀ ಕೋಟುಗಳು. ಚಳಿ ಮುಗಿಯಿತೆಂದು ಗುನ್ಸಾನ್ ಊರಿನವರೆಲ್ಲ ಸೇರಿ ಒಂದೇ ದಿನ ತೀರ್ಮಾನಿಸಿದ ಹಾಗಿದೆ. ಇಸ್ತ್ರಿ ಮಾಡಿ ಮಾಡಿ ತೋಳು ಬಿದ್ದುಹೋಯಿತು. ಮಧ್ಯಾಹ್ನ ಲಾಂಡ್ರಿಯನ್ನು ಗಂಡನಿಗೆ ಒಪ್ಪಿಸಿ ಪಕ್ಕದ ದೊಕ್‌ಸುನ್ ಅಕ್ಕನ ಪಾರ್ಲರಿಗೆ ಓಡಿದೆ. ಟ್ಯಾಕ್ಸಿ ಓಡಿಸಿ ಬಂದು ಮಲಗಿದ್ದವನು ಗೊಣಗಿದ. ಗೊಣಗಲಿ.

‘ಉಪ್ಪುಗಾಳಿ’ ಧಾರಾವಾಹಿಗೆ ಎರಡನೇ ಸೀಸನ್ ಖಚಿತ. ಔಷಧಿ ಅಂಗಡಿಯ ನಾರೇ ಬಿಳಿ ಕೋಟಿನಲ್ಲೇ ಮೊಬೈಲ್ ಎತ್ತಿಕೊಂಡು ಬಂದು ಹೇಳಿದಳು. ದೊಕ್‌ಸುನ್ ಅಕ್ಕ ಯಾರದೋ ತಲೆಗೆ ರೋಲರ್ ಸುತ್ತುತ್ತಿದ್ದವಳು ಹಾಗೇ ಬಿಟ್ಟಳು. ಆಮೇಲೆ ಮಾತೋ ಮಾತು.

ಮೊದಲ ಸೀಸನ್ ಮುಗಿದಾಗ ಕ್ಯಾಪ್ಟನ್ ಮಾ ಹಡಗಿನಿಂದ ಸಮುದ್ರಕ್ಕೆ ಬಿದ್ದಿದ್ದ. ಹೆಂಡತಿ ಇನ್‌ಸೂಕ್ ಬಂದರಿನಲ್ಲಿ ಕಾಯುತ್ತಿದ್ದಳು. ನೀರಿನ ಮೇಲೆ ಅವನ ಟೋಪಿ ಮಾತ್ರ. ಅಲ್ಲಿಗೆ ಮುಗಿಸಿಬಿಟ್ಟರು, ಪಾಪಿಗಳು. ಚಳಿಗಾಲವಿಡೀ ನಾವು ಮೂವರೂ ಆ ಟೋಪಿಯ ಸುತ್ತಲೇ ಸುತ್ತುತ್ತಿದ್ದೇವೆ.

“ಹೆಣ ತೋರ್ಸಿಲ್ಲ ಅಂದ್ಮೇಲೆ ಸತ್ತಿಲ್ಲ,” ಅಕ್ಕ ಹೇಳಿದಳು. “ಕಪ್ಪು ಬಿಳುಪು ಟೀವಿ ಕಾಲದಿಂದ ನೋಡ್ತಿದೀನಿ. ನಂಗೆ ಹೇಳ್ಕೊಡೋಕೆ ಬರ್ಬೇಡ.”

“ಆ ನಟ ಸಿನಿಮಾ ಒಪ್ಕೊಂಡಿದಾನಂತೆ ದೊಡ್ಡಮ್ಮ. ಮತ್ತೆಲ್ಲಿಂದ ಬರ್ತಾನೆ?” ನಾರೇ.

“ನಿಮ್ಮಪ್ಪ ದಿನಾ ಸೋಜು ಕುಡಿಯೋಕೆ ಅಂಗಡಿಗೆ ಹೋಗ್ತಾನೆ. ವಾಪಸ್ ಬರಲ್ವಾ?”

ರೋಲರ್ ಸುತ್ತಿಸಿಕೊಳ್ಳುತ್ತಿದ್ದ ಹೆಂಗಸು ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ನಾನು ಅಕ್ಕನ ಪಕ್ಷ. ಬದುಕಿದ್ದಾನೆ. ಬದುಕಿರಲೇಬೇಕು.

ಮಾರ್ಚ್ ೧೧

ಶೂಟಿಂಗ್ ನಮ್ಮೂರಲ್ಲೇ. ಹಳೇ ಬಂದರಿನ ಹತ್ತಿರ ವ್ಯಾನುಗಳು ಸಾಲಾಗಿ ನಿಂತಿವೆ. ನಾರೇ ಊಟದ ಹೊತ್ತಿನಲ್ಲಿ ಓಡಿ ಹೋಗಿ ನೋಡಿ ಬಂದಳು — ಒಬ್ಬ ದಪ್ಪ ಮನುಷ್ಯನ ಬೆನ್ನು ಕಾಣಿಸಿತಂತೆ, ಅಷ್ಟೆ. ಅದಕ್ಕೇ ನಮ್ಮ ಮೊಬೈಲ್ ಗುಂಪಿನಲ್ಲಿ ಮೂವತ್ತು ಮೆಸೇಜು. ನಾನೂ ಹಾಕಿದೆ, ಸುಳ್ಳೇಕೆ.

ಮಾರ್ಚ್ ೧೨, ಸಂಜೆ

ಅಕ್ಷರ ಕೆಟ್ಟದಾಗಿ ಬರುತ್ತಿದೆ.

ಇವತ್ತು ಲಾಂಡ್ರಿಗೆ ಒಬ್ಬಳು ಬಂದಳು. ನಲವತ್ತರ ಆಸುಪಾಸು, ಕಣ್ಣ ಕೆಳಗೆ ಕಪ್ಪು. ಹೆಸರು ಬೇ. ‘ಉಪ್ಪುಗಾಳಿ’ಯ ಬಟ್ಟೆಗಳ ಉಸ್ತುವಾರಿ ಅವಳದು. ಅವರ ವ್ಯಾನಿನೊಳಗೆ ನೀರಿನ ಪೈಪು ಒಡೆದು ನಾಳೆಯ ಬಟ್ಟೆಯೆಲ್ಲ ಕೊಳೆಯಾಗಿದೆ. ಬೆಳಿಗ್ಗೆಗೆ ಬೇಕು.

“ಒಂದೇ ಮಾತು,” ಅಂದಳು. “ಏನ್ ನೋಡಿದ್ರೂ ಯಾರ್ಗೂ ಹೇಳ್ಬಾರ್ದು. ಹೋದ ಸಲ ಬೇರೆ ಊರಲ್ಲಿ ಒಬ್ರು ಬಾಯಿ ಬಿಟ್ರು. ಸಂಜೆ ಹೊತ್ಗೆ ಇಂಟರ್ನೆಟ್ ತುಂಬಾ ಅದೇ. ನನ್ ಜೊತೆ ಇದ್ದ ಹುಡುಗಿ ಕೆಲ್ಸ ಕಳ್ಕೊಂಡ್ಳು. ಈ ಸಲ ಆದ್ರೆ ನಂದೇ ಸರದಿ.”

“ಸತ್ರೂ ಹೇಳಲ್ಲ,” ಅಂದೆ. ಆಗ ಸುಲಭವಾಗಿ ಬಂತು ಮಾತು.

ಚೀಲ ಬಿಚ್ಚಿದೆ. ಕಪ್ಪು ಹಾನ್‌ಬೊಕ್, ಲಂಗ ರವಿಕೆ ಎರಡೂ. ತಲೆಗೆ ಮುಡಿಯುವ ಬಿಳಿ ರಿಬ್ಬನ್ ಜೊತೆಗೇ. ಚೀಟಿ: ‘ಇನ್‌ಸೂಕ್, ಮೊದಲ ಕಂತು, ಅಂತ್ಯಕ್ರಿಯೆ’. ಅದರ ಕೆಳಗೆ ಅವರ ಮಗನ ಕಪ್ಪು ಸೂಟು. ಅದರ ತೋಳಿಗೆ, ಹೆತ್ತವರು ಹೋದಾಗ ಹಿರಿಯ ಮಗ ಕಟ್ಟುವ ಎರಡು ಗೆರೆಯ ಪಟ್ಟಿ.

ಹೆಂಡತಿ ಕಪ್ಪು ಉಟ್ಟಿದ್ದಾಳೆ. ಮಗ ಎರಡು ಗೆರೆಯ ಪಟ್ಟಿ ಕಟ್ಟಿದ್ದಾನೆ. ಇನ್ನು ಹೋದವರು ಯಾರೆಂದು ಕೇಳಬೇಕೆ?

ಇಸ್ತ್ರಿ ಪೆಟ್ಟಿಗೆ ಇಳಿಸಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಗಂಡ ಬಾಗಿಲಲ್ಲಿ ಇಣುಕಿ, “ನನ್ ಶರ್ಟಿಗೆ ಒಂದಿನಾನೂ ಇಷ್ಟು ಮರ್ಯಾದೆ ಸಿಕ್ಕಿಲ್ಲ,” ಅಂದ. ಹಾನ್‌ಬೊಕ್ ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದೆನಂತೆ. ಸೋಪಿನ ನೊರೆ ಕಣ್ಣಿಗೆ ಹೋಯಿತು ಅಂದೆ.

ಕ್ಯಾಪ್ಟನ್ ಮಾ ಸತ್ತ. ಇಡೀ ದೇಶದಲ್ಲಿ ಗೊತ್ತಿರುವ ನಾಲ್ಕಾರು ಜನರಲ್ಲಿ ನಾನೊಬ್ಬಳು. ಸಂಕಟ. ಆದರೆ — ಇಲ್ಲಿ ಬರೆಯಬಹುದು — ಎಂಥ ರೋಮಾಂಚನ.

ಮಾರ್ಚ್ ೧೪

ಶೂಟಿಂಗಿನ ವ್ಯಾನು ಲಾಂಡ್ರಿಯ ಮುಂದೆ ನಿಂತಿದ್ದನ್ನು ಅಕ್ಕ ಪಾರ್ಲರಿನ ಗಾಜಿನಿಂದಲೇ ನೋಡಿದ್ದಾಳೆ. ಅವಳ ಕಣ್ಣಿಂದ ಏನು ತಪ್ಪುತ್ತದೆ.

“ಹ್ವಾಜಾ, ಒಳಗೆ ಬಾ. ಬಾಗ್ಲು ಹಾಕು. ಏನ್ ಬಂತು?”

“ಬಟ್ಟೆ.”

“ಯಾರ್ದು?”

“ಬಟ್ಟೆ ಅಂದ್ರೆ ಬಟ್ಟೆ ಅಕ್ಕ.”

ನಾರೇ ನನ್ನ ಕೈ ಹಿಡಿದುಕೊಂಡಳು. “ಚಿಕ್ಕಮ್ಮ, ಹೂಂ ಅಥವಾ ಊಹೂಂ ಅನ್ನಿ ಸಾಕು. ಕೆಮ್ಮಿದ್ರೂ ಸಾಕು.” ನಿಜಕ್ಕೂ ಕೆಮ್ಮು ಬಂತು. ಇಬ್ಬರೂ ಕಿರುಚಿದರು. ಅರ್ಧ ಗಂಟೆ ಅದು ಯಾವ ಥರದ ಕೆಮ್ಮು ಅಂತ ಚರ್ಚೆ. ಕಿಂಬಾಪ್ ತಿನ್ನಿಸಿ, ಬಾರ್ಲಿ ಟೀ ಕುಡಿಸಿ, ಲಂಚ ಕೊಟ್ಟು ನೋಡಿದರು. ತಿಂದೆ. ಹೇಳಲಿಲ್ಲ.

ಏಪ್ರಿಲ್ ೨, ಬುಧವಾರ

ಬರೆಯಲು ಮನಸ್ಸಿಲ್ಲ. ಆದರೂ.

ಪಾರ್ಲರಿನಲ್ಲಿ ಅಕ್ಕ ಒಬ್ಬಳೇ ಇದ್ದಳು. ಈ ಸಲ ತಮಾಷೆಯಿಲ್ಲ. ಮಹಡಿಯಿಂದ ಇಳಿದು ಬಂದವಳು ಕುರ್ಚಿ ಹಿಡಿದು ನಿಂತಳು. ಆಮೇಲೆ, “ನಂಗೊಬ್ಳಿಗೆ ಹೇಳು,” ಅಂದಳು.

“ಮಾತು ಕೊಟ್ಟಿದೀನಿ ಅಕ್ಕ. ಅವಳ ಕೆಲ್ಸದ ಪ್ರಶ್ನೆ.”

“ಒಂದಿನ ನೋಡಿದವ್ಳು ಅವ್ಳು. ನಾನು ಇಪ್ಪತ್ತು ವರ್ಷದಿಂದ ನಿನ್ ತಲೆಗೆ ಬಣ್ಣ ಹಚ್ತಿದೀನಿ. ನಿನ್ ಬಿಳಿ ಕೂದ್ಲು ಎಷ್ಟು ಅಂತ ನಿನ್ ಗಂಡಂಗೂ ಗೊತ್ತಿಲ್ಲ. ಯಾರಿಗಾದ್ರೂ ಹೇಳಿದೀನಾ ನಾನು?”

“ಅದಲ್ಲ ಅಕ್ಕ…”

“ಇನ್ಮೇಲೆ ಬೇರೆ ಕಡೆ ಹಚ್ಚಿಸ್ಕೋ.”

ಹಾಸ್ಯವಿರಬೇಕು ಅಂದುಕೊಂಡೆ. ಅವಳು ಬಾಗಿಲು ತೆಗೆದು ಹಿಡಿದು ನಿಂತಿದ್ದಳು.

ಆಗಸ್ಟ್ ೨೦

ಇಷ್ಟು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಲೂ ಇಲ್ಲ. ಬಸ್ ನಿಲ್ದಾಣದ ಹತ್ತಿರದ ಪಾರ್ಲರಿನಲ್ಲಿ ಕೂದಲು ಗುಂಗುರಾಗುವ ಪರ್ಮ್ ಮಾಡಿಸಿದೆ. ಕುರಿಯ ಹಾಗಿದ್ದೇನೆ.

ಇವತ್ತು ಟ್ರೈಲರ್ ಬಂತು. ಅಲೆ, ಹಡಗು, ಇನ್‌ಸೂಕ್ ಕಣ್ಣು, ಕತ್ತಲು. ಅಕ್ಟೋಬರ್‌ನಲ್ಲಿ ಶುರುವಂತೆ. ಆರು ಸಲ ನೋಡಿದೆ. ಏಳನೆಯ ಸಲಕ್ಕೆ ಮೊಬೈಲ್ ಹಿಡಿದು ಪಾರ್ಲರ್ ಬಾಗಿಲವರೆಗೆ ಹೋದೆ, ಕಾಲು ತಾನಾಗಿಯೇ ಹೋಯಿತು. ಷಟರ್ ಹಾಕಿತ್ತು. ಬುಧವಾರ ಯಾಕೆ ಷಟರ್?

ಸೆಪ್ಟೆಂಬರ್ ೫

ನಾರೇ ಕೊನೆಗೂ ಬಾಯಿ ಬಿಟ್ಟಳು. ಅಕ್ಕನಿಗೆ ಹೃದಯದ ಕವಾಟ ಕೆಟ್ಟಿದೆ. ಚಳಿಗಾಲದಿಂದಲೂ ಉಸಿರು ಕಟ್ಟುತ್ತಿತ್ತಂತೆ. ನಾರೇಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮಂಗಳವಾರ ಜೊಂಜುವಿನ ದೊಡ್ಡಾಸ್ಪತ್ರೆಯಲ್ಲಿ ಎದೆ ತೆರೆದು ಆಪರೇಷನ್.

“ನಿಮ್ಗೆ ಮಾತ್ರ ಹೇಳ್ಬೇಡ ಅಂದಿದ್ರು ಚಿಕ್ಕಮ್ಮ.”

ಏಪ್ರಿಲ್‌ನಲ್ಲಿ ಕುರ್ಚಿ ಹಿಡಿದು ನಿಂತದ್ದು ಅದಕ್ಕೆ. ಧಾರಾವಾಹಿ ಶುರುವಾಗುವವರೆಗೆ ಇರುತ್ತೇನೋ ಇಲ್ಲವೋ ಅಂತಲೇ ಅವಳು ಕೇಳಿದ್ದು. ನಾನು ಕತ್ತೆ.

ಸೆಪ್ಟೆಂಬರ್ ೮, ಸೋಮವಾರ

ಜೊಂಜುವಿಗೆ ಹೋಗಿ ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳಿಬಿಡುತ್ತೇನೆ, ಬೇ ಕ್ಷಮಿಸಲಿ. ಆದರೆ ಏನು ಹೇಳಲಿ? ನಾಳೆ ಎದೆ ತೆರೆಸಿಕೊಳ್ಳುವವಳಿಗೆ ಅವನು ಸತ್ತ ಎನ್ನಲೇ? ಬದುಕಿದ್ದಾನೆಂದು ಸುಳ್ಳು ಹೇಳಿದರೆ, ಅವಳು ಎದ್ದು ಬಂದು ಅಕ್ಟೋಬರಿನಲ್ಲಿ ನೋಡಿದರೆ? ಎದ್ದು ಬಂದರೆ ಸಾಕು, ಬೈಯಲಿ. ಸುಳ್ಳೇ ಹೇಳುವುದೆಂದು ಗಟ್ಟಿ ಮಾಡಿಕೊಂಡು ಇಳಿದೆ.

ಆಸ್ಪತ್ರೆಯ ಅಂಗಿಯಲ್ಲಿ ಅಕ್ಕ ಚಿಕ್ಕವಳಾಗಿ ಕಂಡಳು. ನನ್ನ ತಲೆ ನೋಡಿ ಮೊದಲ ಮಾತು: “ಯಾರ್ ಮಾಡಿದ್ದು ಈ ಪರ್ಮ್? ಜೈಲಿಗೆ ಹಾಕ್ಬೇಕು ಅವಳನ್ನ.”

ನಕ್ಕೆ. ಅಳುವೂ ಬಂತು. ಮಂಚದ ಅಂಚಿನಲ್ಲಿ ಕೂತು, “ಅಕ್ಕ, ಕ್ಯಾಪ್ಟನ್ ಮಾ —” ಅಂದೆ.

ನನ್ನ ಬಾಯಿ ಮುಚ್ಚಿದಳು. ಅಂಗೈಯಿಂದ, ಗಟ್ಟಿಯಾಗಿ. ಬಣ್ಣದ ವಾಸನೆ ಇನ್ನೂ ಇತ್ತು ಬೆರಳಲ್ಲಿ.

“ಅವತ್ತು ಕೇಳ್ದಾಗ ಹೇಳ್ಲಿಲ್ಲ. ಈಗ ಹೇಳ್ತೀಯ ಅಂದ್ರೆ ಏನರ್ಥ? ಇವ್ಳು ನೋಡೋಕೆ ಇರಲ್ಲ ಅಂತ ತಾನೆ?”

ಅಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಕೈ ತೆಗೆಯಲಿಲ್ಲ.

“ಹಾಗಾದ್ರೆ ಹೊಟ್ಟೆಲೇ ಇಟ್ಕೋ. ನಾನೇ ನೋಡ್ತೀನಿ, ನನ್ ಕಣ್ಣಾರೆ. ಮನೆಗೆ ಹೋಗು, ಬಸ್ ತಪ್ಪತ್ತೆ.”

ಸೆಪ್ಟೆಂಬರ್ ೯

ಇನ್ನೂ ಫೋನಿಲ್ಲ.

ಒಂದು ಶರ್ಟಿನ ಕಾಲರ್ ಸುಟ್ಟೆ. ಗಂಡ ಇವತ್ತು ಟ್ಯಾಕ್ಸಿ ತೆಗೆದಿಲ್ಲ. ಕೇಳಿದರೆ ಗಿರಾಕಿಗಳಿಲ್ಲ ಎನ್ನುತ್ತಾನೆ. ನನ್ನ ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದಾನೆ.

ಇನ್ನೂ ಇಲ್ಲ.

ಸೆಪ್ಟೆಂಬರ್ ೧೦

ಆಯಿತು. ಉಳಿದಳು. ಎಚ್ಚರವಾಗಿ ನರ್ಸಿಗೆ ಕೇಳಿದ ಮೊದಲ ಪ್ರಶ್ನೆ — ಅಕ್ಟೋಬರ್ ಬಂತಾ?

ಅಕ್ಟೋಬರ್ ೧೮, ಶನಿವಾರ

ಜಾಹೀರಾತು ಬಂದಿದೆ. ಅದು ಮುಗಿಯುವುದರೊಳಗೆ ಬರೆಯುತ್ತಿದ್ದೇನೆ. ಪಾರ್ಲರಿನ ಟೀವಿ. ಅಕ್ಕ ತಲೆ ತೊಳೆಯುವ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಮಹಾರಾಣಿಯ ಹಾಗೆ ಮಲಗಿದ್ದಾಳೆ. ನಾರೇ ನೆಲದ ಮೇಲೆ. ನನ್ನ ಗಂಡನೂ ಬಂದಿದ್ದಾನೆ, ಹುರಿದ ಗೆಣಸು ಕೊಡಲು ಬಂದೆ ಎಂದು ಹೇಳಿ ಕೂತವನು ಏಳುತ್ತಿಲ್ಲ.

ಶುರುವಾದದ್ದೇ ಅಂತ್ಯಕ್ರಿಯೆ. ನಾನು ಟೀವಿ ನೋಡಲಿಲ್ಲ, ಅಕ್ಕನನ್ನೇ ನೋಡುತ್ತಿದ್ದೆ. ಕಪ್ಪು ಹಾನ್‌ಬೊಕ್‌ನಲ್ಲಿ ಇನ್‌ಸೂಕ್. ಎರಡು ಗೆರೆಯ ಮಗ. ಹೂಗಳ ನಡುವೆ ಫೋಟೋ — ಕ್ಯಾಪ್ಟನ್ ಮಾ. ನಾರೇ ಬಾಯಿಗೆ ಕೈ ಇಟ್ಟಳು. ಅಕ್ಕ ಅಲುಗಾಡಲಿಲ್ಲ.

“ಇದನ್ನಾ ನೀನು ಏಳು ತಿಂಗ್ಳು ಹೊಟ್ಟೆಲಿಟ್ಕೊಂಡಿದ್ದು?” ಅಂದಳು ಕೊನೆಗೆ. ಮೆಲ್ಲಗೆ. “ಒಬ್ಳೇ?”

ಅವಳು ಕೈ ಚಾಚಿ ನನ್ನ ಕುರಿ ತಲೆ ಸವರಿದಳು.

ಆಮೇಲೆ ಸಾವಿನ ಮನೆಯ ಊಟ ತೋರಿಸಿದರು. ಜನ ಸೂಪು ಕುಡಿಯುತ್ತಿದ್ದಾರೆ. ಮೂಲೆಯ ಮೇಜಿನಲ್ಲಿ ಒಬ್ಬ ಮನುಷ್ಯ, ಈ ಕಡೆ ಬೆನ್ನು. ಮೀನುಗಾರನ ಹರಕು ಜಾಕೆಟ್ಟು. ಹಸಿದವನ ಹಾಗೆ ಗಬಗಬ ತಿನ್ನುತ್ತಿದ್ದಾನೆ. ಇನ್‌ಸೂಕ್ ನಡೆದು ಬರುತ್ತಿದ್ದವಳು ಅಲ್ಲೇ ನಿಂತಳು. ಅವನ ಚಮಚ ನಿಂತಿತು. ಕತ್ತು ತಿರುಗತೊಡಗಿತು — ಜಾಹೀರಾತು.

ಆ ಜಾಕೆಟ್ಟು ನನ್ನ ಲಾಂಡ್ರಿಗೆ ಬಂದೇ ಇರಲಿಲ್ಲ. ದೇವರಾಣೆ ಬಂದಿರಲಿಲ್ಲ.

ಪಾರ್ಲರಿನಲ್ಲಿ ಸಂತೆ. ಅದು ಮಾ ಅಲ್ಲ, ಅವನ ತಮ್ಮ ಎಂದು ನಾರೇ ಹೇಳುತ್ತಿದ್ದಾಳೆ. ಗಂಡ — ಒಂದು ಕಂತೂ ನೋಡದವನು — ಕಿವಿ ನೋಡಿದ್ರೆ ಅವನೇ ಅನ್ಸತ್ತೆ ಎಂದು ವಾದಿಸುತ್ತಿದ್ದಾನೆ. ಅಕ್ಕ ಎದೆಯ ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು ನಗುತ್ತಿದ್ದಾಳೆ, ನಗಿಸ್ಬೇಡ್ರೋ ನೋಯತ್ತೆ ಅಂತ ಬೈಯುತ್ತಲೇ. ಹ್ವಾಜಾ, ಅದೇನ್ ಗೀಚ್ತಿದೀಯಾ, ಇಲ್ಲಿ ಬಂದು ಪಕ್ಕ ಕೂತ್ಕೋ, ಕೈ ಹಿಡ್ಕೋ ನನ್ನ, ಶುರುವಾಯ್ತು ಶುರುವಾಯ್ತು ಎನ್ನುತ್ತಿ—