ಗೇಟಿಲ್ಲದ ಶಾಲೆಗೆ ಬೋರ್ಡು ಹೊಡೆಸಿದವರಿಗೆ

ಶಾಲೆಗಳ ಮೇಲುಸ್ತುವಾರಿ ಹೊತ್ತಿರುವ ಅಧಿಕಾರಿಗಳೇ,

ನನ್ನ ಮಗಳನ್ನು ಹಾಡಹಗಲೇ ಶಾಲೆಯಿಂದ ಹೊತ್ತೊಯ್ದವನು ಇನ್ನೂ ಸಿಕ್ಕಿಲ್ಲ. ಅವಳನ್ನು ಉಳಿಸಿದ ಟೀಚರ್ ಮಾತ್ರ ನಿಮಗೆ ಕೂಡಲೇ ಸಿಕ್ಕರು, ಕೆಲಸದಿಂದ ತೆಗೆದಿರಿ. ಈ ಚುರುಕುತನಕ್ಕೆ ಮೊದಲು ಅಭಿನಂದನೆ. ಜಗಳ ಆಮೇಲೆ.

ನಾನು ಜಗಳೂರು ತಾಲ್ಲೂಕಿನ ಹಳ್ಳಿಯೊಂದರವಳು, ಬಟ್ಟೆ ಹೊಲಿಯುತ್ತೇನೆ. ಗಂಡ ಯರ್ರಿಸ್ವಾಮಿ ಮೆಕ್ಕೆಜೋಳದ ಲಾರಿ ಓಡಿಸುತ್ತಾರೆ. ಮಗಳು ದುರ್ಗಾಂಬಿಕಾ ಊರ ಶಾಲೆಯಲ್ಲಿ ಮೂರನೇ ಕ್ಲಾಸು. ರಸ್ತೆ ಅಗಲ ಮಾಡುವಾಗ ಶಾಲೆಯ ಕಾಂಪೌಂಡ್ ಒಡೆದು ಗೇಟು ಕಿತ್ತರು. ಮತ್ತೆ ಕಟ್ಟಿಸಿ ಎಂದು ಊರವರು ಕೇಳಿದರೆ, ಮಕ್ಕಳ ಸುರಕ್ಷತೆಗೆಂದು ನೀವು ಗುರುತಿನ ಚೀಟಿ ಕಳಿಸಿದಿರಿ. ಕೊರಳಲ್ಲಿ ನೇತಾಡುವ ಆ ಚೀಟಿಯಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ರಸ್ತೆಯಲ್ಲಿ ನಿಂತವರೂ ಓದುವಷ್ಟು ದಪ್ಪಗೆ ಅಚ್ಚಾಗಿವೆ. ತಾನು ಯಾರೆಂದು ಮಗುವಿಗೆ ಗೊತ್ತಿಲ್ಲವೇ? ಗೊತ್ತಾಗಬೇಕಾದದ್ದು ಶಾಲೆಯೊಳಗೆ ಕಾಲಿಡುವ ದೊಡ್ಡವರು ಯಾರೆಂಬುದಲ್ಲವೇ?

ಅವತ್ತು ಊಟದ ಬಿಡುವಿನಲ್ಲಿ ಒಬ್ಬಾತ ಸೀದಾ ಒಳಗೆ ಬಂದ. ಆಡುತ್ತಿದ್ದ ಮಗಳ ಚೀಟಿ ಓದಿಕೊಂಡು ಹೆಸರು ಹಿಡಿದೇ ಕರೆದ. ಅತಿಥಿ ಶಿಕ್ಷಕಿ ಕಲ್ಪನಾ ಅಡ್ಡ ಬಂದು, "ಯಾರ್ರೀ ನೀವು?" ಎಂದರು.

"ಯರ್ರಿಸ್ವಾಮಿ ತಮ್ಮ ರೀ. ಈ ಹುಡುಗಿ ಅವ್ವಂಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರ್ಸೀವಿ. ಕರ್ಕಂಡು ಹೋಗಾಕೆ ಬಂದೀನಿ."

"ತಡೀರಿ, ಅವರಪ್ಪಂಗೆ ಫೋನ್ ಮಾಡ್ತೀನಿ."

ಹೆಡ್ ಮಾಸ್ಟರು ನಿಮ್ಮದೇ ಮೀಟಿಂಗಿಗೆ ಹೋಗಿದ್ದರು. ಐದು ಕ್ಲಾಸಿಗೂ ಆಕೆಯೊಬ್ಬರೇ. ಮಗಳಿಗೆ ಕ್ಲಾಸಿನೊಳಗೆ ಹೋಗಲು ಹೇಳಿ, ನಂಬರ್ ಹುಡುಕಲು ಆಫೀಸ್ ರೂಮಿಗೆ ಹೋದರು. "ನಂಗೆ ತಮ್ಮನೇ ಇಲ್ಲಲ್ಲ ಮೇಡಂ!" ಎಂದು ನನ್ನ ಗಂಡ ಫೋನಿನಲ್ಲಿ ಕೂಗುವಷ್ಟರಲ್ಲಿ ಹೊರಗೆ ಬೈಕಿನ ಸದ್ದಾಯಿತು.

ಕಲ್ಪನಾ ಕಿರುಚುತ್ತ ಓಡಿದರು. ಹಾಲಿನ ಕ್ಯಾನು ಇಳಿಸಿ ವಾಪಸಾಗುತ್ತಿದ್ದ ನಮ್ಮೂರ ತಿಮ್ಮೇಶನ ಬೈಕು ಹತ್ತಿ ಬೆನ್ನಟ್ಟಿದರು. ಊರಾಚೆ ಕುರಿಹಿಂಡು ರಸ್ತೆ ದಾಟುತ್ತಿದ್ದರಿಂದ ಆತ ನಿಲ್ಲಲೇಬೇಕಾಯಿತು. ಟೀಚರ್ ಇಳಿದವರೇ ಮಗಳನ್ನು ತಬ್ಬಿ ಎಳೆದುಕೊಂಡರು. ಆತ ದೂಡಿದ. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಟೀಚರ ಮೊಣಕೈ ಮುರಿಯಿತು, ಹಿಡಿತ ಸಡಿಲವಾಗಲಿಲ್ಲ. ಕುರಿ ಕಾಯುವವರು ಓಡಿಬರುವಷ್ಟರಲ್ಲಿ ಆತ ಪರಾರಿ. ನಾನು ಹೋದಾಗ ಮಗಳು ಅವರ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಿದ್ದಳು. ಕರೆದರೆ ನನ್ನ ಹತ್ತಿರವೂ ಬರಲಿಲ್ಲ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಟೀಚರಿಗೆ ನಿಮ್ಮ ನೋಟಿಸು ಕಾದಿತ್ತು: "ಅನುಮತಿ ಪಡೆಯದೆ ಶಾಲೆ ಬಿಟ್ಟುಹೋಗಿ ಉಳಿದ ಮಕ್ಕಳನ್ನು ಅಪಾಯಕ್ಕೆ ಒಡ್ಡಿರುತ್ತೀರಿ." ಯಾರ ಅನುಮತಿ ಸ್ವಾಮಿ? ಅರ್ಜಿಗೆ ಸಹಿ ಬೀಳುವವರೆಗೆ ಆ ಬೈಕು ಕಾಯುತ್ತಿತ್ತೇ? ಉಳಿದ ಮಕ್ಕಳು ಒಂಟಿಯಾದದ್ದು ನಿಜ. ಇನ್ನೊಬ್ಬ ಟೀಚರನ್ನು ಕೊಡದೆ ಹಾಗೆ ಮಾಡಿದವರು ಯಾರು?

ಇದನ್ನೇ ಕೇಳಲು ನಿಮ್ಮ ಕಚೇರಿಗೆ ಬಂದೆ. ಬಾಗಿಲಲ್ಲಿ ಆಧಾರ್ ಕಾರ್ಡ್ ಕೇಳಿದರು, ಚೀಲ ತಡಕಿದರು, ಯಾರನ್ನು ಕಾಣಬೇಕು, ಏಕೆ ಎಂದು ವಿಚಾರಿಸಿದರು. ತಪ್ಪೇನಿಲ್ಲ, ನೀವು ಕ್ಷೇಮವಾಗಿರಬೇಕಾದವರು. ಒಳಗೆ ನೀವು ತಲೆ ಎತ್ತದೆ ಹೇಳಿದ್ದಿಷ್ಟು: "ಮಗು ಸಿಕ್ತಲ್ಲಮ್ಮ, ಇನ್ನೇನು ಬೇಕು?"

"ಟೀಚರ್ ಬೇಕು ಸಾರ್. ಗೇಟು ಬೇಕು," ಎಂದೆ. "ನೋಡೋಣ," ಎಂದಿರಿ.

ನೋಡಿದ್ದರ ಫಲವಾಗಿ ಶಾಲೆಗೆ ಬಂದದ್ದು ಒಂದು ಬೋರ್ಡು: "ಅಪರಿಚಿತರಿಗೆ ಪ್ರವೇಶವಿಲ್ಲ." ಹೊಡೆಯಲು ಗೇಟಿಲ್ಲದ್ದರಿಂದ ಬೇವಿನ ಮರಕ್ಕೆ ಹೊಡೆದಿದ್ದಾರೆ. ಆಡುಗಳು ಅದರ ಕೆಳಗೇ ಒಳಗೆ ಹೋಗುತ್ತಿವೆ.

ಆದ್ದರಿಂದ ಈಗ ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಕಾಂಪೌಂಡ್ ಕಟ್ಟಿಸಿ, ಒಂದೇ ಗೇಟಿಡಿಸಿ, ಅಲ್ಲಿ ಒಬ್ಬ ಆಳು ಕೂರಲಿ. ಮಗುವನ್ನು ಯಾರು ಕರೆದೊಯ್ಯಬಹುದೆಂದು ನಾವು ಫೋಟೋ ಸಮೇತ ತಿಳಿಸುತ್ತೇವೆ. ಬೇರೆ ಯಾರೇ ಬರಲಿ, ಮಗುವನ್ನು ಕಳಿಸಕೂಡದು. ಮಕ್ಕಳ ಹೆಸರನ್ನು ಕೊರಳಿನಿಂದ ಇಳಿಸಿ. ಕಲ್ಪನಾ ಟೀಚರನ್ನು ಕ್ಷಮೆ ಕೇಳಿ ವಾಪಸ್ ಕರೆಸಿ.

ದುರ್ಗಾಂಬಿಕಾ ಈಗ ಶಾಲೆಗೆ ಹೋಗುತ್ತಿಲ್ಲ. "ಟೀಚರ್ ಯಾವಾಗ ಬರ್ತಾರವ್ವಾ?" ಎಂದು ದಿನಾ ಕೇಳುತ್ತಾಳೆ. ಉತ್ತರ ನನಗೆ ಬೇಡ, ಅವಳಿಗೇ ಬರೆಯಿರಿ. ಅಕ್ಷರ ಸ್ವಲ್ಪ ದೊಡ್ಡದಿರಲಿ, ತಾನೇ ಓದಿಕೊಳ್ಳುತ್ತಾಳೆ.

ಇಂತಿ,
ಮಗಳು ಸಿಕ್ಕ ಮೇಲೆ ಸುಮ್ಮನಿರಬೇಕೆಂದು ತಿಳಿಯದ ತಾಯಿ,
ಪುಷ್ಪಾ