ಹಸಿರು ಟೇಪಿನ ರೈಲು

ರೀ,

ನಾನು ಬೆಳಗಿನ ಶಿಫ್ಟಿಗೆ ಹೊರಟೆ. ತಿಂಡಿ ಮುಚ್ಚಿಟ್ಟಿದ್ದೀನಿ. ಹಾಲು ಕಾಯಿಸಿದ್ದೀನಿ, ಬೆಕ್ಕಿನ ಪಾಲು ಮಾಡ್ಬೇಡಿ.

ಗುಬ್ಬಿ ಇನ್ನೂ ಮಲಗಿದ್ದಾಳೆ. ಎದ್ದ ಮೇಲೂ ಮುಖ ಊದಿಸ್ಕೊಂಡೇ ಇರ್ತಾಳೆ. ನಿನ್ನೆ ಆ ರಂಪ ಯಾಕೆ ಅಂತ ಮಲಗೋವಾಗ ನನ್ನ ಹತ್ರ ಹೇಳಿದ್ಲು. ಅವಳ ಆಟದ ರೈಲಿನ ಚಕ್ರಕ್ಕೆ ಹಸಿರು ಟೇಪು ಸುತ್ತಿತ್ತಲ್ಲ, ಅದನ್ನ ಸುತ್ತಿದ್ದು ಪಕ್ಕದ ಮನೆ ಹುಡುಗಿ, ಊರು ಬಿಟ್ಟು ಹೋಗೋ ಹಿಂದಿನ ದಿನ. ನೀವು ಅದನ್ನ ಕಿತ್ತೆಸೆದು ಹೊಸ ಚಕ್ರ ಹಾಕಿದ್ರಿ. ಅವಳು ಅತ್ರೆ, "ರಿಪೇರಿ ಮಾಡ್ಕೊಟ್ರೂ ಅಳ್ತೀಯಲ್ಲೇ!" ಅಂತ ಗದರಿದ್ದು ಬೇರೆ.

ಅಂಗಡಿಗೆ ಕೆಟ್ಟ ಫ್ಯಾನ್ ಬಂದ್ರೆ ನೀವು ಮೊದಲೇ ಸ್ಕ್ರೂಡ್ರೈವರ್ ಮುಟ್ಟಲ್ಲ. ಆನ್ ಮಾಡಿ, ಕಣ್ಮುಚ್ಚಿ, ಅದರ ಸದ್ದು ಕೇಳ್ತಾ ಕೂತಿರ್ತೀರಿ. ಗಿರಾಕಿ ಅವಸರ ಮಾಡಿದ್ರೂ ಜಗ್ಗಲ್ಲ. ಆ ತಾಳ್ಮೆ ನಮ್ಮನೆ ಹೊಸ್ತಿಲು ದಾಟಿ ಒಳಗೆ ಬರಲ್ವಾ?

ಇವತ್ತು ಅವಳ ಪಕ್ಕ ನೆಲದ ಮೇಲೆ ಕೂತ್ಕೊಳ್ಳಿ. "ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ" ಅನ್ನೋ ಮಾತು ಬೇಡ. ಹೊಸ ಗೊಂಬೆ ಕೊಡಿಸ್ತೀನಿ ಅಂತ ಪುಸಲಾಯಿಸೋದೂ ಬೇಡ. ಅವಳು ಹೇಳ್ತಾ ಹೇಳ್ತಾ ನಿಲ್ಲಿಸಿದ್ರೆ ನೀವು ಬಾಯಿ ಹಾಕ್ಬೇಡಿ, ಕಾಯಿರಿ. ಮತ್ತೆ ಶುರು ಮಾಡ್ತಾಳೆ. ಸ್ಕೂಲಿಗೆ ಸ್ವಲ್ಪ ತಡವಾದ್ರೆ ಆಕಾಶ ಏನೂ ಕಳಚಿ ಬೀಳಲ್ಲ.

ಟೇಪನ್ನ ಕಸದ ಬುಟ್ಟಿ ಕೆದಕಿ ಹುಡುಕಿ ತೆಗೆದೆ. ನಿಮ್ಮ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೀನಿ. ಅವಳ ಕೈಗೆ ಕೊಡಿ.

ನೀವೇ ಅಂಟಿಸೋಕೆ ಮಾತ್ರ ಹೋಗ್ಬೇಡಿ.