ದೊಡ್ಡಮ್ಮನ ಮಲ್ಲಿಗೆಗೆ ಎರೆನೀರು

ಪ್ರೀತಿಕಾ,

ನಾನು ದೊಡ್ಡಮ್ಮನ ಮದ್ದು ತರ್ಲಿಕ್ಕೆ ಪುತ್ತೂರಿಗೆ ಹೋಗ್ತಾ ಇದ್ದೇನೆ. ಬರುವಾಗ ಕತ್ತಲಾದೀತು. ಅವರಿಗೆ ಗಂಜಿ ಕೊಟ್ಟು, ಮಗ್ಗುಲು ತಿರುಗಿಸಿ ಮಲಗಿಸಿದ ಮೇಲೆ ಎರೆಹುಳದ ಡ್ರಮ್ ನೋಡು.

ಮೇಲೆ ತೂಗು ಹಾಕಿದ ತೂತು ಕೊಡಪಾನಕ್ಕೆ ನೀರು ತುಂಬಿಸು. ಅದು ಗೊಬ್ಬರದ ಮೇಲೆ ಹನಿ ಹನಿಯಾಗಿ ಬೀಳಬೇಕು. ಒಟ್ಟಿಗೆ ಸುರಿದರೆ ಹುಳ ಉಸಿರುಕಟ್ಟಿ ಸಾಯ್ತವೆ. ನಿನ್ನೆಯದ್ದು ಕೆಳಗಿನ ಬಕೆಟಿಗೆ ಇಳಿದಿದೆ, ಚಹಾದ ಬಣ್ಣದ ಎರೆನೀರು. ಅದರ ಒಂದು ಚೆಂಬಿಗೆ ಹತ್ತು ಚೆಂಬು ಬರೀ ನೀರು ಸೇರಿಸಿ ಮಲ್ಲಿಗೆ ಬುಡಕ್ಕೆ ಹಾಕು, ಬಿಸಿಲು ಇಳಿದ ಮೇಲೆ. ಮತ್ತೆ, ಡ್ರಮ್ಮಿಗೆ ನಿಂಬೆ ಸಿಪ್ಪೆ ಹಾಕಿದ್ದು ನೀನೇ ಅಲ್ವಾ? ಹುಳಕ್ಕೆ ಅದು ಆಗುದಿಲ್ಲ ಅಂತ ಎಷ್ಟು ಸಲ ಹೇಳುದು? ಹೆಕ್ಕಿ ಬಿಸಾಡಿದ್ದೇನೆ.

ಗಿಡ ಬದುಕ್ತದೆ ಅಂತ ನನಗೆ ಆಸೆ ಇಲ್ಲ. ಬೇರು ಕೊಳೆತಾಗಿದೆ. ನಿನ್ನೆ ಒಂದು ಬುಡ ಎಳೆದು ನೋಡಿದೆ, ಕೈಗೇ ಬಂತು. ಲಕ್ವ ಹೊಡೆದ ದೊಡ್ಡಮ್ಮನ ಬಲಗೈ ಇನ್ನು ಸರಿ ಆಗುದಿಲ್ಲ ಅಂತ ಡಾಕ್ಟ್ರೂ ಹೇಳಿಯಾಗಿದೆ. ಮಲ್ಲಿಗೆ ಕಟ್ಟಿ ನಮ್ಮಿಬ್ಬರನ್ನು ಓದಿಸಿದ ಕೈ ಅದು.

ಅವರು ಕಿಟಕಿಯಿಂದ ನೋಡ್ತಾ ಇರ್ತಾರೆ. ಚಿಗುರು ಬಂದಿದೆ ಅಂತ ಸುಳ್ಳು ಹೇಳ್ಬೇಡ. ನಿನ್ನೆ ನಾನು ಹಾಗೆ ಹೇಳಿ ನೋಡಿದೆ. "ಅದು ಸತ್ತದ್ದು ನನಗೆ ಗೊತ್ತುಂಟು," ಅಂದರು. "ಹಾಗಾದ್ರೆ ನೀರು ಹಾಕುದು ನಿಲ್ಲಿಸ್ಲಾ?" ಅಂತ ಕೇಳಿದೆ. ಮಾತು ತೊದಲ್ತದಲ್ಲ, ತುಂಬ ಹೊತ್ತು ತಗೊಂಡು ಹೇಳಿದರು: "ಬೇಡ. ನೀವು ಅಲ್ಲಿ ಓಡಾಡಿದ್ರೆ ನನಗೆ ನೋಡ್ಲಿಕ್ಕೆ ಎಂತಾದ್ರೂ ಉಂಟು."

ಹಾಗಾಗಿ ಎಲ್ಲ ಬುಡಕ್ಕೂ ಹಾಕು. ನಿಧಾನಕ್ಕೆ ಹಾಕು.

ಅಕ್ಕ